ಪ್ರಳಯಾನಂತರದ ಪೌರಾಡಳಿತ: ಗ್ಯಾಲ್ವೆಸ್ಟನ್ ಪಟ್ಟಣದ ಜೀರ್ಣೋದ್ಧಾರದ ಚರಿತ್ರೆ

ಶ್ರೀಮಠದ ಮಹೋತ್ಸವದ ಈ ಸ್ಮಾರಕಗ್ರಂಥದಲ್ಲಿ ಗುರುಪರಂಪರೆ, ಶರಣಚರಿತ್ರೆ, ಶಾಸ್ತ್ರವಿಚಾರ ಇವುಗಳಿಗೆ ಅಗ್ರಸ್ಥಾನವು ಸಲ್ಲತಕ್ಕದ್ದೇ ಸರಿ. ಆದರೂ ಬಹುಜನರು ಕೂಡಿ ನಡೆಸುವ ಸಂಸ್ಥೆಯೊಂದು ಹೇಗೆ ಬಾಳುತ್ತದೆ, ಹೇಗೆ ಬೀಳುತ್ತದೆ, ಬಿದ್ದ ಮೇಲೆ ಹೇಗೆ ಏಳುತ್ತದೆ ಎಂಬುದನ್ನು ತಿಳಿಯಬೇಕಾದರೆ ಪರದೇಶಗಳ ಚರಿತ್ರೆಯನ್ನೂ ನೋಡುವುದು ಹಿತವು. ಮಠವಾಗಲಿ ಪುರವಾಗಲಿ ಜನರ ವಿಶ್ವಾಸದಿಂದ ನಿಂತಿರುವುದು. ಆ ವಿಶ್ವಾಸದ ಪರೀಕ್ಷೆಯು ಆಪತ್ಕಾಲದಲ್ಲಿ ಆಗುವುದು. ಇಂತಹ ಪರೀಕ್ಷೆಗೆ ಒಂದೇ ರಾತ್ರಿಯಲ್ಲಿ ಒಳಗಾಗಿ, ಹತ್ತು ವರ್ಷಗಳಿಗೂ ಮೀರಿದ ಪ್ರಯತ್ನದಿಂದ ಮರಳಿ ನಿಂತ ಒಂದು ಪಟ್ಟಣದ ವೃತ್ತಾಂತವನ್ನು ಸದ್ಭಕ್ತರ ಮುಂದೆ ಇಡುವುದೇ ಈ ಲೇಖನದ ಉದ್ದೇಶವು.

ಅಮೇರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಟೆಕ್ಸಾಸ್ ಎಂಬ ವಿಶಾಲವಾದ ಸಂಸ್ಥಾನವಿದೆ. ಅದರ ತೀರಕ್ಕೆ ಸಮೀಪದಲ್ಲಿ, ಮೆಕ್ಸಿಕೋ ಕೊಲ್ಲಿಯ ಅಂಚಿನಲ್ಲಿ, ಸುಮಾರು 27 ಮೈಲಿ ಉದ್ದವುಳ್ಳದ್ದೂ 3 ಮೈಲಿಗಿಂತ ಹೆಚ್ಚು ಅಗಲವಿಲ್ಲದ್ದೂ ಆದ ಮರಳಿನ ದ್ವೀಪವೊಂದುಂಟು. ಆ ದ್ವೀಪದ ಪೂರ್ವಭಾಗದಲ್ಲಿರುವುದೇ ಗ್ಯಾಲ್ವೆಸ್ಟನ್ ಪಟ್ಟಣವು. 1900ನೆಯ ಇಸವಿಯ ಜನಗಣತಿಯ ಪ್ರಕಾರ ಅಲ್ಲಿ 37,789 ಜನರು ವಾಸಿಸುತ್ತಿದ್ದರು. ಹತ್ತಿಯನ್ನು ಪರದೇಶಗಳಿಗೆ ಕಳುಹಿಸುವ ಬಂದರುಗಳಲ್ಲಿ ಅದು ಅತ್ಯಂತ ಪ್ರಮುಖವಾಗಿದ್ದಿತು. ಧನಿಕರ ಸೌಧಗಳು, ನಾಟಕಶಾಲೆಗಳು, ವಿದ್ಯುದ್ದೀಪಗಳು, ಟ್ರಾಮು ಗಾಡಿಗಳು ಇವೆಲ್ಲ ಆ ಊರಿಗೆ ಶೋಭೆಯನ್ನು ಕೊಟ್ಟಿದ್ದುವು. ಆದರೆ ಆ ಪಟ್ಟಣದ ಅತ್ಯುನ್ನತವಾದ ನೆಲವೂ ಸಮುದ್ರಮಟ್ಟಕ್ಕಿಂತ 9 ಅಡಿಯಷ್ಟು ಎತ್ತರವಿರಲಿಲ್ಲ. ಐಶ್ವರ್ಯವು ಮೇಲಕ್ಕೆ ಬೆಳೆದಿತ್ತು; ನೆಲವು ಇದ್ದಲ್ಲಿಯೇ ಇತ್ತು.

ಎಚ್ಚರಿಕೆಯು ಇರಲಿಲ್ಲವೆಂದು ಹೇಳುವಂತಿಲ್ಲ. ಅದೇ ಕರಾವಳಿಯಲ್ಲಿ ನೈಋತ್ಯದಿಕ್ಕಿಗೆ ಇಂಡಿಯಾನೋಲಾ ಎಂಬ ಬಂದರು ಊರೊಂದಿತ್ತು. 1875ರಲ್ಲಿ ಬಂದ ಚಂಡಮಾರುತವು ಅದನ್ನು ಧ್ವಂಸಮಾಡಿತು. ಜನರು ಮರಳಿ ಕಟ್ಟಿಕೊಂಡರು. 1886ರಲ್ಲಿ ಇನ್ನೊಂದು ಬಂದು ಅದನ್ನು ನಾಮಾವಶೇಷವಾಗಿ ಮಾಡಿತು. ಆಗ ಗ್ಯಾಲ್ವೆಸ್ಟನ್ನಿನ ಪ್ರಮುಖರು ಕೂಡಿ, ತಮ್ಮ ಊರಿಗೂ ಸಮುದ್ರದ ಕಡೆಗೆ ಒಂದು ತಡೆಗೋಡೆಯು ಬೇಕೆಂದು ಆಲೋಚಿಸಿದರು. ಆದರೆ ಕಾಲವು ಸರಿದಂತೆ ಭಯವು ತಗ್ಗಿತು, ವೆಚ್ಚದ ಮಾತು ದೊಡ್ಡದಾಯಿತು, ಗೋಡೆಯು ಏಳಲಿಲ್ಲ. 1891ರಲ್ಲಿ ಅಲ್ಲಿಯ ಸರಕಾರೀ ಹವಾಮಾನ ಅಧಿಕಾರಿಯಾಗಿದ್ದ ಐಸಾಕ್ ಕ್ಲೈನ್ ಎಂಬಾತನು, ಚಂಡಮಾರುತದಿಂದ ಈ ಪಟ್ಟಣಕ್ಕೆ ಮಹಾಹಾನಿಯಾಗುವುದೆಂಬುದು ಬರಿಯ ಭ್ರಮೆಯೆಂಬ ಅಭಿಪ್ರಾಯವನ್ನು ವೃತ್ತಪತ್ರಿಕೆಯಲ್ಲಿ ಬರೆದನು. ವಿದ್ವಾಂಸನ ಮಾತು ಜನರ ಆಲಸ್ಯಕ್ಕೆ ಅನುಕೂಲವಾಗಿದ್ದರೆ ಅದಕ್ಕೆ ಬೇಗನೆ ಪ್ರಾಮಾಣ್ಯವು ದೊರೆಯುವುದುಂಟು.

1900ನೆಯ ಇಸವಿ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಒಂದು ಚಂಡಮಾರುತವು ಕ್ಯೂಬಾ ದ್ವೀಪವನ್ನು ಹಾದುಹೋಯಿತು. ಅದು ಮೆಕ್ಸಿಕೋ ಕೊಲ್ಲಿಯನ್ನು ಹೊಕ್ಕು ಪಶ್ಚಿಮಕ್ಕೆ ನಡೆಯುವುದೆಂದು ಕ್ಯೂಬಾದ ಹವಾಮಾನಜ್ಞರು ಊಹಿಸಿದ್ದರು. ಅಮೇರಿಕದ ಇಲಾಖೆಯವರಾದರೋ ಅದು ಫ್ಲಾರಿಡಾದ ಮೂಲಕ ಅಟ್ಲಾಂಟಿಕ್ ಸಾಗರದ ಕಡೆಗೆ ತಿರುಗುವುದೆಂದು ನಂಬಿ, ಕ್ಯೂಬಾದವರ ಮಾತಿಗೆ ಬೆಲೆಯನ್ನು ಕೊಡಲಿಲ್ಲ. ಸೆಪ್ಟೆಂಬರ್ 8, ಶನಿವಾರ ಬೆಳಗಿನಲ್ಲಿ ಗ್ಯಾಲ್ವೆಸ್ಟನ್ನಿನ ತಗ್ಗಾದ ಬೀದಿಗಳಲ್ಲಿ ಸಮುದ್ರದ ನೀರು ಹರಿಯತೊಡಗಿತು. ಮಕ್ಕಳು ಆ ನೀರಿನಲ್ಲಿ ಆಡುತ್ತಿದ್ದರು. ದೊಡ್ಡವರು ಅಲೆಗಳ ವಿನೋದವನ್ನು ನೋಡಲು ತೀರಕ್ಕೆ ಹೋಗುತ್ತಿದ್ದರು. ಮಧ್ಯಾಹ್ನದ ವೇಳೆಗೆ ಮುಖ್ಯಭೂಮಿಗೆ ಹೋಗುವ ಸೇತುವೆಗಳು ನೀರಿನಲ್ಲಿ ಮುಳುಗಿದುವು. ಸಂಜೆಯ ವೇಳೆಗೆ ತಂತಿಯ ಸಂಬಂಧವು ಕಡಿಯಿತು. ರಾತ್ರಿಯಲ್ಲಿ ಸಮುದ್ರವು ಸುಮಾರು 15 ಅಡಿಯಷ್ಟು ಉಬ್ಬಿ ದ್ವೀಪವನ್ನೆಲ್ಲ ಆವರಿಸಿತು. ತೀರದ ಮನೆಗಳು ಮುರಿದು, ಅವುಗಳ ತೊಲೆ ಹಲಗೆಗಳೇ ಮುಂದಿನ ಸಾಲಿನ ಮನೆಗಳನ್ನು ಕುಟ್ಟಿ ಕೆಡಹುವ ಆಯುಧಗಳಾದುವು.

ಪಟ್ಟಣದ ಹೊರಗೆ ಕಡಲ ದಂಡೆಯಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಅನಾಥಾಲಯವೊಂದಿತ್ತು. ಮಕ್ಕಳು ತಮ್ಮಿಂದ ಅಗಲದಂತೆ ಆ ತಾಯಂದಿರು ಬಟ್ಟೆ ಒಣಹಾಕುವ ಹಗ್ಗದಿಂದ ಅವರನ್ನು ತಮ್ಮ ನಡುವಿಗೆ ಕಟ್ಟಿಕೊಂಡರು. 10 ಮಂದಿ ಸನ್ಯಾಸಿನಿಯರೂ 90 ಮಂದಿ ಮಕ್ಕಳೂ ಜಲಸಮಾಧಿಯನ್ನು ಹೊಂದಿದರು. ಬದುಕಿ ಉಳಿದವರು ಮೂವರು ಬಾಲಕರು ಮಾತ್ರ. ಅನಾಥ ಮಕ್ಕಳಿಗೆ ಅನ್ನವನ್ನೂ ಆಶ್ರಯವನ್ನೂ ಕೊಡುವುದನ್ನು ಶಿವಪೂಜೆಯೆಂದು ಭಾವಿಸುವ ನಮ್ಮ ಭಕ್ತಜನರಿಗೆ ಈ ಸಂಗತಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಊರೊಳಗಿನ ಇನ್ನೊಂದು ಸನ್ಯಾಸಿನೀ ಮಠದಲ್ಲಿ ಆ ರಾತ್ರಿ ಸುಮಾರು 1,000 ಜನರು ಆಶ್ರಯವನ್ನು ಪಡೆದರು. ಮೇಲೆ ಹೇಳಿದ ಕ್ಲೈನನ ಮನೆಯು ಗಟ್ಟಿಯಾದುದೆಂದು ನಂಬಿ ನೆರೆಹೊರೆಯವರು ಅಲ್ಲಿಗೆ ಬಂದು ಸೇರಿದ್ದರು. ಆ ಮನೆಯೂ ಬಿದ್ದು ಅವನ ಹೆಂಡತಿಯೇ ಮೊದಲಾಗಿ ಹಲವರು ತೀರಿಕೊಂಡರು.

ಬೆಳಗಾದಾಗ ಸುಮಾರು 3,600 ಮನೆಗಳು ಇಲ್ಲವಾಗಿದ್ದುವು. ಸತ್ತವರ ಸಂಖ್ಯೆಯನ್ನು 6,000ದಿಂದ 8,000 ಎಂದು ಸಾಮಾನ್ಯವಾಗಿ ಎಣಿಸುವರು. ಅದಕ್ಕಿಂತಲೂ ಹೆಚ್ಚೆಂದು ಹೇಳುವವರೂ ಉಂಟು. ಪ್ರಕೃತಿಯ ಕೋಪದಿಂದ ಆ ದೇಶದಲ್ಲಿ ಒಂದೇ ಸಲಕ್ಕೆ ಇಷ್ಟು ಪ್ರಾಣಹಾನಿಯು ಆದದ್ದು ಇನ್ನೊಂದಿಲ್ಲ.

ಇನ್ನು ಆಡಳಿತದ ವಿಚಾರಕ್ಕೆ ಬರುವೆವು. ಮರುದಿನ ಭಾನುವಾರ ಮೇಯರ್ ವಾಲ್ಟರ್ ಜೋನ್ಸ್ ಎಂಬಾತನು ಬದುಕಿ ಉಳಿದ ಪ್ರಮುಖರನ್ನು ಒಂದು ಹೋಟೆಲಿನಲ್ಲಿ ಕೂಡಿಸಿದನು. ಅಲ್ಲಿ ಕೇಂದ್ರ ಸಹಾಯಸಮಿತಿಯೊಂದು ಏರ್ಪಟ್ಟಿತು. ಶವಸಂಸ್ಕಾರ, ಅನ್ನ, ನೀರು, ವೈದ್ಯ, ವಸತಿ, ಕಾವಲು ಎಂದು ಕೆಲಸಗಳನ್ನು ವಿಂಗಡಿಸಿ ಒಂದೊಂದಕ್ಕೆ ಒಬ್ಬೊಬ್ಬರನ್ನು ಹೊಣೆಮಾಡಿದರು. ಪ್ರತಿಯೊಂದು ವಾರ್ಡಿನಲ್ಲಿಯೂ ಅನ್ನವಸ್ತ್ರಗಳನ್ನು ಹಂಚುವ ಏರ್ಪಾಟು ಆಯಿತು. ದೂತರು ದೋಣಿಯಲ್ಲಿ ಮುಖ್ಯಭೂಮಿಯನ್ನು ಸೇರಿ ಹ್ಯೂಸ್ಟನ್ ಪಟ್ಟಣದಿಂದ ಸಂಸ್ಥಾನದ ಗವರ್ನರಿಗೂ ದೇಶದ ಅಧ್ಯಕ್ಷನಿಗೂ ತಂತಿಯನ್ನು ಕಳುಹಿದರು. ರೆಡ್ ಕ್ರಾಸ್ ಸಂಸ್ಥೆಯ ಕ್ಲಾರಾ ಬಾರ್ಟನ್ ಎಂಬ ಮಹಿಳೆಯು 78 ವರ್ಷದ ಮುಪ್ಪಿನಲ್ಲಿಯೂ ಅಲ್ಲಿಗೆ ಬಂದು ಸೇವೆಗೆ ನಿಂತಳು. ಮೂರನೆಯ ವಾರದಲ್ಲಿ ಬಂದರಿನಲ್ಲಿ ಸರಕು ಚಲಿಸತೊಡಗಿತು; ಟ್ರಾಮು ಗಾಡಿಗಳು ಓಡತೊಡಗಿದುವು.

ಈ ಕಾರ್ಯದಕ್ಷತೆಯನ್ನು ಹೊಗಳುವಾಗ ಅದರೊಡನೆ ನಡೆದ ಅನ್ಯಾಯವನ್ನು ಮರೆಮಾಚುವುದು ಚರಿತ್ರಕಾರನಿಗೆ ಧರ್ಮವಲ್ಲ. ಶವಗಳನ್ನು ಹೂಳಲು ನೆಲವೂ ಸಮಯವೂ ಸಾಲದೆ ಅವನ್ನು ನಾವೆಗೆ ಏರಿಸಿ ಸಮುದ್ರದಲ್ಲಿ ಬಿಡಬೇಕೆಂದು ನಿಶ್ಚಯವಾಯಿತು. ಆ ಘೋರವಾದ ಕೆಲಸಕ್ಕೆ ಆಫ್ರಿಕ ಮೂಲದ ಕಪ್ಪುಜನರನ್ನು ಬಂದೂಕದ ಮುಂದೆ ನಿಲ್ಲಿಸಿ ಒತ್ತಾಯದಿಂದ ದುಡಿಸಿದರು. ಶವಗಳು ತೆರೆಗಳೊಡನೆ ತೀರಕ್ಕೆ ಮರಳಿ ಬಂದುವು. ಬಳಿಕ ಬಿದ್ದ ಮನೆಗಳ ಮರಗಳನ್ನೇ ಒಟ್ಟಿ ವಾರಗಟ್ಟಲೆ ದಹನಮಾಡಬೇಕಾಯಿತು. ದುಃಖವು ಸರ್ವರಿಗೂ ಸಮಾನವಾಗಿ ಬಂದಿತು. ದುಡಿಮೆಯ ಹೊರೆಯು ಸಮಾನವಾಗಿ ಹಂಚಲ್ಪಡಲಿಲ್ಲ.

ಅನ್ನವನ್ನು ಹಂಚುವುದು ಒಂದು ಕೆಲಸ. ಊರನ್ನು ಉಳಿಸುವುದು ಬೇರೊಂದು ಕೆಲಸ. ಬಿರುಗಾಳಿಗೆ ಮುಂಚೆಯೇ ಅಲ್ಲಿಯ ಪುರಸಭೆಯು ಸಾಲದಲ್ಲಿ ಮುಳುಗಿದ್ದಿತು. ವರ್ಷವರ್ಷವೂ ಆದಾಯಕ್ಕೆ ಮೀರಿ ವೆಚ್ಚಮಾಡಿ, ಕೊರತೆಯನ್ನು ಹೊಸ ಸಾಲದಿಂದ ತುಂಬುವ ಪದ್ಧತಿಯು ಬೆಳೆದುಬಂದಿತ್ತು. ಸದಸ್ಯರು ಬಹುಮಂದಿ ಇದ್ದರು; ಯಾವ ಕೆಲಸಕ್ಕೆ ಯಾರು ಉತ್ತರವಾದಿಗಳೆಂಬುದು ಮಾತ್ರ ಸ್ಪಷ್ಟವಿರಲಿಲ್ಲ. ಪ್ರಳಯವು ಬಂದ ಮೇಲೆ ತೆರಿಗೆಯನ್ನು ಕೊಡುವವರ ಮನೆಗಳೇ ಇಲ್ಲವಾದುವು. ಆಗ ವರ್ತಕರೂ ಧನಿಕರೂ ಸೇರಿದ್ದ ಒಂದು ಸಮಿತಿಯವರು, ಹಳೆಯ ಪುರಸಭೆಯನ್ನು ತೆಗೆದುಹಾಕಿ ಹೊಸ ಆಡಳಿತವನ್ನು ಸ್ಥಾಪಿಸಬೇಕೆಂದು ಸಂಸ್ಥಾನದ ಶಾಸನಸಭೆಯನ್ನು ಪ್ರಾರ್ಥಿಸಿದರು. 1901ರಲ್ಲಿ ಆ ಶಾಸನವು ಆಯಿತು.

ಈ ಹೊಸ ಪದ್ಧತಿಗೆ ಕಮಿಷನ್ ಆಡಳಿತವೆಂದು ಹೆಸರು. ಅದರಲ್ಲಿ ಐವರೇ ಸದಸ್ಯರು. ಒಬ್ಬನು ಅಧ್ಯಕ್ಷನಾದ ಮೇಯರ್. ಉಳಿದ ನಾಲ್ವರಲ್ಲಿ ಒಬ್ಬನಿಗೆ ಹಣಕಾಸು, ಒಬ್ಬನಿಗೆ ಪೋಲೀಸು ಮತ್ತು ಅಗ್ನಿಶಾಮಕ ದಳ, ಒಬ್ಬನಿಗೆ ಬೀದಿಗಳು ಮತ್ತು ಸಾರ್ವಜನಿಕ ಸೊತ್ತು, ಇನ್ನೊಬ್ಬನಿಗೆ ನೀರು ಮತ್ತು ಚರಂಡಿ, ಹೀಗೆ ವಿಭಾಗವಾಯಿತು. ನಲ್ಲಿಯಲ್ಲಿ ನೀರು ಬಾರದಿದ್ದರೆ ಯಾರನ್ನು ಕೇಳಬೇಕೆಂಬುದು ಈಗ ಊರಿನ ಬಾಲಕನಿಗೂ ತಿಳಿದಿತ್ತು. ಹಣಕಾಸಿನ ಭಾರವನ್ನು ಹೊತ್ತ ಐಸಾಕ್ ಕೆಂಪ್ನರ್ ಎಂಬ ವರ್ತಕನು ಸಾಲಕೊಟ್ಟವರೊಡನೆ ಮಾತನಾಡಿ ಬಡ್ಡಿಯ ಹೊರೆಯನ್ನು ಕೆಲವು ವರ್ಷಗಳ ಮಟ್ಟಿಗೆ ಇಳಿಸಿಕೊಂಡು ಪುರದ ಲೆಕ್ಕವನ್ನು ಸರಿಪಡಿಸಿದನು.

ಆದರೆ ಇದರಲ್ಲಿ ಒಂದು ದೋಷವಿತ್ತು. ಮೊದಲು ಐವರಲ್ಲಿ ಮೂವರನ್ನು ಗವರ್ನರನೇ ನೇಮಿಸುತ್ತಿದ್ದನು; ಜನರು ಆರಿಸುತ್ತಿದ್ದವರು ಇಬ್ಬರನ್ನು ಮಾತ್ರ. ಆಪತ್ಕಾಲದಲ್ಲಿ ಪ್ರಜೆಗಳ ಮತಕ್ಕಿಂತ ಶೀಘ್ರತೆಯೇ ಮುಖ್ಯವೆಂಬುದು ಆಗಿನ ವಾದವಾಗಿದ್ದಿತು. 1903ರಲ್ಲಿ ಸಂಸ್ಥಾನದ ನ್ಯಾಯಾಲಯವು ಇಂತಹ ನೇಮಕವು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪುಕೊಟ್ಟಿತು. ಅಂದಿನಿಂದ ಐವರೂ ಚುನಾಯಿತರಾಗತಕ್ಕದ್ದೆಂದು ಶಾಸನವನ್ನು ತಿದ್ದಿದರು. ಆಡಳಿತವು ಕುಸಿಯಲಿಲ್ಲ, ಕೆಲಸವೂ ನಿಲ್ಲಲಿಲ್ಲ. ಜನರ ಒಪ್ಪಿಗೆಯನ್ನು ಕೇಳಿದರೆ ಕಾರ್ಯವು ಕೆಡುವುದೆಂಬ ಭಯವು ನಿರಾಧಾರವಾದುದೆಂದು ಇದರಿಂದ ಸಿದ್ಧವಾಯಿತು.

ಆ ಕಾರ್ಯವಾದರೂ ಅಸಾಮಾನ್ಯವಾದುದು. ಪುರವನ್ನು ಕಾಪಾಡುವ ಉಪಾಯವನ್ನು ಹೇಳಲು ಹೆನ್ರಿ ರಾಬರ್ಟ್, ಆಲ್‌ಫ್ರೆಡ್ ನೋಬಲ್, ಹೆನ್ರಿ ರಿಪ್ಲೆ ಎಂಬ ಮೂವರು ಎಂಜಿನಿಯರರನ್ನು ಕಮಿಷನ್ ನೇಮಿಸಿತು. ಇವರಲ್ಲಿ ಮೊದಲನೆಯವನು, ಸಭೆಗಳನ್ನು ಕ್ರಮವಾಗಿ ನಡೆಸುವ ನಿಯಮಗಳನ್ನು ಕುರಿತು 1876ರಲ್ಲಿ ಗ್ರಂಥವನ್ನು ಬರೆದು ಆ ದೇಶದಲ್ಲೆಲ್ಲ ಪ್ರಸಿದ್ಧನಾಗಿದ್ದವನು. 1902ರ ಆರಂಭದಲ್ಲಿ ಅವರು ಎರಡು ಉಪಾಯಗಳನ್ನು ಸೂಚಿಸಿದರು: ಸಮುದ್ರಕ್ಕೆ ಇದಿರಾಗಿ ಕಾಂಕ್ರೀಟಿನ ಗೋಡೆಯನ್ನು ಕಟ್ಟುವುದು ಮೊದಲನೆಯದು, ಪಟ್ಟಣದ ನೆಲವನ್ನೇ ಮೇಲಕ್ಕೆ ಏರಿಸುವುದು ಎರಡನೆಯದು.

ಗೋಡೆಯ ವೆಚ್ಚಕ್ಕೆ 15 ಲಕ್ಷ ಡಾಲರುಗಳು ಬೇಕಾದುವು. ಇದಕ್ಕಾಗಿ ಸಾಲಪತ್ರಗಳನ್ನು ಹೊರಡಿಸಬಹುದೇ ಎಂದು ಜನರ ಮತವನ್ನು ಕೇಳಿದಾಗ ವಿರೋಧಿಸಿದವರು ಅತ್ಯಲ್ಪರಾಗಿದ್ದರು. ಆ ಸಾಲಪತ್ರಗಳನ್ನು ಊರಿನವರೇ ಮುಂದೆಬಂದು ಕೊಂಡರು. 1902ರ ಅಕ್ಟೋಬರಿನಲ್ಲಿ ಆರಂಭವಾದ ಗೋಡೆಯು 1904ರ ಜುಲೈಯಲ್ಲಿ ಮುಗಿಯಿತು. ಅದರ ಎತ್ತರವು 17 ಅಡಿ, ತಳದ ಅಗಲವು 16 ಅಡಿ, ಉದ್ದವು 3 ಮೈಲಿಗೂ ಮಿಕ್ಕಿದ್ದಿತು. ಅಲೆಯು ಬಂದು ಬಡಿದಾಗ ಮೇಲಕ್ಕೆ ತಿರುಗಿ ಹಿಂದಕ್ಕೆ ಬೀಳುವಂತೆ ಅದರ ಮುಖವನ್ನು ಒಳಬಾಗಿಸಿ ಕಟ್ಟಿದ್ದರು.

ನೆಲವನ್ನು ಏರಿಸಿದ ರೀತಿಯು ಇನ್ನೂ ಆಶ್ಚರ್ಯಕರವಾದುದು. ಮನೆಗಳ ಅಡಿಯಲ್ಲಿ ಜಾಕಿಗಳನ್ನು ಇಟ್ಟು, ಅನೇಕರು ಏಕಕಾಲದಲ್ಲಿ ತಿರುಗಿಸುತ್ತ, ಕಟ್ಟಡವನ್ನು ಅಂಗುಲ ಅಂಗುಲವಾಗಿ ಮೇಲಕ್ಕೆತ್ತುತ್ತಿದ್ದರು. ಬಳಿಕ ಸಮುದ್ರದ ತಳದಿಂದ ತೋಡಿದ ಮರಳನ್ನು ನೀರಿನೊಡನೆ ಬೆರಸಿ ಕೊಳವೆಗಳ ಮೂಲಕ ಆ ಮನೆಗಳ ಅಡಿಗೆ ಹರಿಸುತ್ತಿದ್ದರು. ನೀರು ಇಳಿದುಹೋಗಿ ಮರಳು ನಿಲ್ಲುತ್ತಿದ್ದಿತು. ಮರಳನ್ನು ಹೊತ್ತ ನಾವೆಗಳು ಊರಿನೊಳಗೆ ಬರುವುದಕ್ಕಾಗಿ ಪಟ್ಟಣದ ನಡುವೆಯೇ ಕಾಲುವೆಯೊಂದನ್ನು ತೋಡಿದ್ದರು. ಹೀಗೆ 2,000ಕ್ಕೂ ಹೆಚ್ಚು ಕಟ್ಟಡಗಳು ಮೇಲೇರಿದುವು. ಅವುಗಳಲ್ಲಿ 3,000 ಟನ್ನು ತೂಕದ ಒಂದು ಇಗರ್ಜಿಯೂ ಇದ್ದಿತು. 700 ಜಾಕಿಗಳಿಂದ ಅದನ್ನು 5 ಅಡಿ ಎತ್ತಿದರು. ಈ ಕೆಲಸವು 1911ರವರೆಗೆ ನಡೆಯಿತು. ಅಷ್ಟು ವರ್ಷವೂ ಜನರು ಮರದ ಹಲಗೆಯ ಕಾಲುಹಾದಿಗಳ ಮೇಲೆ ನಡೆದಾಡುತ್ತ, ಕೆಸರನ್ನೂ ದುರ್ಗಂಧವನ್ನೂ ಸಹಿಸಿದರು.

ಇಲ್ಲಿ ವೆಚ್ಚದ ಹಂಚಿಕೆಯನ್ನು ಗಮನಿಸಬೇಕು. ಮರಳನ್ನು ತುಂಬಿಸುವ ವೆಚ್ಚವು ಆಡಳಿತದ್ದು. ಮನೆಯನ್ನು ಎತ್ತಿಸುವ ವೆಚ್ಚವು ಮನೆಯ ಯಜಮಾನನದು. ತನ್ನ ಪಾಲನ್ನು ತಾನು ಮಾಡುವವನಿಗೆ ಸಮುದಾಯವು ತನ್ನ ಪಾಲನ್ನು ನೀಡಿತು. ಇದರಲ್ಲಿ ಬಡವನಿಗೆ ಕಷ್ಟವು ಹೆಚ್ಚಾದುದು ನಿಜವೇ. ಉಪ್ಪುನೀರಿನಿಂದಲೂ ಹೊಸ ಮರಳಿನಿಂದಲೂ ಊರಿನ ಗಿಡಮರಗಳೆಲ್ಲ ಒಣಗಿಹೋದುವು. ಆಗ ಮುಂದೆಬಂದವರು ಸ್ತ್ರೀಯರು. 1901ರಲ್ಲಿ ಸ್ಥಾಪಿತವಾದ ಅವರ ಆರೋಗ್ಯರಕ್ಷಕ ಸಂಘವು ಸಾವಿರಾರು ಸಸಿಗಳನ್ನು ನೆಡಿಸಿತು. ಹಾಲು ಮಾರುವ ಸ್ಥಳಗಳೂ ಪೇಟೆಗಳೂ ಶುಚಿಯಾಗಿರಬೇಕೆಂದು ಹಟಹಿಡಿದು ಅಧಿಕಾರಿಗಳನ್ನು ಎಚ್ಚರಿಸಿತು. ಮತವನ್ನು ಕೊಡುವ ಹಕ್ಕು ಆ ಕಾಲದಲ್ಲಿ ಅವರಿಗೆ ಇರಲಿಲ್ಲ. ಅಧಿಕಾರವಿಲ್ಲದೆಯೂ ಅವರು ಆಡಳಿತವನ್ನು ತಿದ್ದಿದರು.

1915ರ ಆಗಸ್ಟಿನಲ್ಲಿ ಪರೀಕ್ಷೆಯ ದಿನವು ಬಂದಿತು. ಮೊದಲಿನದಕ್ಕೆ ಹೋಲಿಸಬಹುದಾದಷ್ಟು ಉಗ್ರವಾದ ಚಂಡಮಾರುತವು ಅದೇ ದ್ವೀಪದ ಮೇಲೆ ಎರಗಿತು. ಗೋಡೆಯ ಆಶ್ರಯವಿಲ್ಲದ ಕಡೆಗಳಲ್ಲಿ ಬಹಳ ಪ್ರಾಣಹಾನಿಯಾಯಿತು; ಗೋಡೆಯ ಹಿಂದಿನ ಪಟ್ಟಣದಲ್ಲಿ ಸತ್ತವರು ಕೆಲವೇ ಮಂದಿ. ಹದಿನೈದು ವರ್ಷಗಳ ಶ್ರಮವು ಒಂದು ದಿನದಲ್ಲಿ ತನ್ನ ಫಲವನ್ನು ಕೊಟ್ಟಿತು.

ಈ ಪಟ್ಟಣದ ಕೀರ್ತಿಯನ್ನು ಕೇಳಿ ಇತರ ಊರುಗಳೂ ಕಮಿಷನ್ ಪದ್ಧತಿಯನ್ನು ಸ್ವೀಕರಿಸಿದುವು. 1905ರಲ್ಲಿ ಹ್ಯೂಸ್ಟನ್, 1907ರಲ್ಲಿ ಡೆಮಾಯ್ನ್ ಎಂಬ ಪಟ್ಟಣಗಳು ಅದನ್ನು ಅನುಸರಿಸಿದುವು. ಮುಂದಿನ ಹತ್ತು ವರ್ಷಗಳಲ್ಲಿ ನೂರಾರು ಊರುಗಳಿಗೆ ಅದು ಹಬ್ಬಿತು. ಕ್ರಮೇಣ ಅದರ ಕೊರತೆಗಳೂ ಕಂಡುಬಂದುವು. ನಿಯಮವನ್ನು ಮಾಡುವವರೂ ಅದನ್ನು ನಡೆಸುವವರೂ ಆ ಐವರೇ ಆದುದರಿಂದ ಅವರನ್ನು ವಿಚಾರಿಸುವವರು ಇಲ್ಲದಾದರು. ಇಡೀ ಪಟ್ಟಣದ ಮತದಿಂದ ಐವರನ್ನು ಆರಿಸುವ ಕ್ರಮದಲ್ಲಿ, ಬಡವರ ಕೇರಿಗಳೂ ಕಪ್ಪುಜನರ ಕೇರಿಗಳೂ ತಮ್ಮವನೊಬ್ಬನನ್ನು ಸಭೆಗೆ ಕಳುಹಿಸುವುದು ದುರ್ಲಭವಾಯಿತು. ನಾವೆಯ ಮೇಲೆ ಶವಗಳನ್ನು ಏರಿಸಲು ಯಾರನ್ನು ಮುಂದೆ ನಿಲ್ಲಿಸಿದ್ದರೋ ಅವರಿಗೆ ಆಡಳಿತದ ಪೀಠದಲ್ಲಿ ಸ್ಥಳವು ದೊರೆಯಲಿಲ್ಲ. ಜಾತಿಕುಲಗಳ ಭೇದವನ್ನು ಅಳಿಸಿ ಅನುಭವಮಂಟಪದಲ್ಲಿ ಸರ್ವರಿಗೂ ಆಸನವನ್ನು ಕೊಟ್ಟ ಶರಣರ ಮಾರ್ಗದಲ್ಲಿ ನಡೆಯುವವರು ಈ ಒಂದು ಸಂಗತಿಯನ್ನು ವಿಶೇಷವಾಗಿ ಮನನಮಾಡಬೇಕು. 1913ರ ಮಹಾಪೂರದಲ್ಲಿ ಹಾಳಾದ ಒಹಾಯೋ ಸಂಸ್ಥಾನದ ಡೇಟನ್ ಪಟ್ಟಣವು ಇನ್ನೊಂದು ದಾರಿಯನ್ನು ಹಿಡಿಯಿತು: ಜನರು ಆರಿಸಿದ ಸಭೆಯು ನೀತಿಯನ್ನು ನಿರ್ಣಯಿಸುವುದು, ಅದು ನೇಮಿಸಿದ ನಿಪುಣನಾದ ವ್ಯವಸ್ಥಾಪಕನೊಬ್ಬನು ಕೆಲಸವನ್ನು ನಡೆಸುವುದು. ಗ್ಯಾಲ್ವೆಸ್ಟನ್ ಕೂಡ 1960ರಲ್ಲಿ ತಾನೇ ಹುಟ್ಟಿಸಿದ ಪದ್ಧತಿಯನ್ನು ಬಿಟ್ಟು ಈ ಕ್ರಮವನ್ನು ಅಂಗೀಕರಿಸಿತು.

ಪಟ್ಟಣವು ಉಳಿಯಿತು; ಹಿಂದಿನ ವೈಭವವು ಮರಳಲಿಲ್ಲ. 1914ರಲ್ಲಿ ಹ್ಯೂಸ್ಟನ್ನಿಗೆ ದೊಡ್ಡ ಹಡಗುಗಳು ಹೋಗುವ ಕಾಲುವೆಯು ತೆರೆದ ಮೇಲೆ ವ್ಯಾಪಾರವು ಕ್ರಮವಾಗಿ ಒಳನಾಡಿಗೆ ಸರಿಯಿತು. ಗೋಡೆಯನ್ನು ಮುಂದೆ ಹಲವು ಸಲ ಬೆಳೆಯಿಸಿ ಸುಮಾರು 10 ಮೈಲಿಯವರೆಗೆ ಒಯ್ದರು. ಆದರೂ 2008ರ ಸೆಪ್ಟೆಂಬರಿನಲ್ಲಿ ಐಕ್ ಎಂಬ ಚಂಡಮಾರುತವು ಬಂದಾಗ, ಗೋಡೆಯು ಕಡಲ ಮುಖದಲ್ಲಿ ತಡೆದು ನಿಂತಿದ್ದರೂ, ನೀರು ಹಿಂಭಾಗದ ಹಿನ್ನೀರಿನ ಕಡೆಯಿಂದ ಊರೊಳಗೆ ನುಗ್ಗಿತು. ಕಂಡ ಶತ್ರುವಿಗೆ ಗೋಡೆಯನ್ನು ಕಟ್ಟಿದವರು ಕಾಣದ ದಿಕ್ಕನ್ನೂ ಕಾಯಬೇಕೆಂಬುದು ಇದರಿಂದ ವಿದಿತವಾಗುವುದು.

ಈ ಚರಿತ್ರೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಆಪತ್ತು ಬಂದಾಗ ಪ್ರತಿಯೊಂದು ಕೆಲಸಕ್ಕೂ ಒಬ್ಬ ಹೊಣೆಗಾರನಿರುವ ಆಡಳಿತವೇ ಬೇಗ ಏಳುವುದು. ಏಳುವ ಅವಸರದಲ್ಲಿ ಯಾರ ಧ್ವನಿಯನ್ನು ಅದು ಕೇಳದೆ ಹೋಗುವುದೋ ಅವರ ಮೂಲಕವಾಗಿಯೇ ಅದರ ನ್ಯೂನತೆಯು ಹೊರಬೀಳುವುದು. ಒಬ್ಬರೇ ನಡೆಸಿದ ಕಾರ್ಯವು ಶೀಘ್ರವಾಗಿ ಆಗಬಹುದು. ಎಲ್ಲರೂ ಹೆಗಲುಕೊಟ್ಟ ಕಾರ್ಯವು ಬಹುಕಾಲ ನಿಲ್ಲುವುದು. ಸಾಲಪತ್ರವನ್ನು ಕೊಂಡ ವರ್ತಕನೂ, ಜಾಕಿಯನ್ನು ತಿರುಗಿಸಿದ ಕೂಲಿಯವನೂ, ಸಸಿಯನ್ನು ನೆಟ್ಟ ಗೃಹಿಣಿಯೂ ಕೂಡಿದ್ದರಿಂದಲೇ ಆ ದ್ವೀಪದಲ್ಲಿ ಇಂದಿಗೂ ಜನವಸತಿಯುಂಟು. ನಮ್ಮ ಹಿರಿಯರು ಇದನ್ನೇ ಕಾಯಕವೆಂದೂ ದಾಸೋಹವೆಂದೂ ಕರೆದರು: ತನ್ನ ದುಡಿಮೆಯನ್ನು ತಾನು ಮಾಡುವುದು, ದುಡಿದುದನ್ನು ಸಮುದಾಯಕ್ಕೆ ಅರ್ಪಿಸುವುದು.

ಶ್ರೀಮಠದ ಈ ಮಹೋತ್ಸವದ ಶುಭಕಾಲದಲ್ಲಿ ಕಲ್ಲುಗಾರೆಗಳ ಜೀರ್ಣೋದ್ಧಾರವನ್ನು ಕುರಿತು ಭಕ್ತರೆಲ್ಲ ಉತ್ಸಾಹಗೊಂಡಿರುವುದು ಸಂತೋಷಕರವಾದುದು. ಕಟ್ಟಡದ ಅಡಿಗೆ ಮರಳನ್ನು ತುಂಬಿ ಅದನ್ನು ಎತ್ತರಿಸಿದಂತೆ, ಸಂಸ್ಥೆಯ ಅಡಿಗೆ ಲೆಕ್ಕದ ಶುದ್ಧಿ, ಹೊಣೆಯ ಸ್ಪಷ್ಟತೆ, ಕಿರಿಯರ ಮಾತಿಗೂ ಕಿವಿಗೊಡುವ ಸೌಜನ್ಯ ಇವುಗಳನ್ನು ತುಂಬುವುದೂ ಜೀರ್ಣೋದ್ಧಾರವೇ ಆಗಿರುವುದು. ಪ್ರಶಾಂತವಾದ ದಿನಗಳಲ್ಲಿ ಈ ಕೆಲಸವನ್ನು ಮಾಡಿಕೊಳ್ಳುವ ಬುದ್ಧಿಯನ್ನು ಶ್ರೀಗುರುವು ನಮ್ಮೆಲ್ಲರಿಗೂ ಕರುಣಿಸಲಿ.

ಸರ್ವರಿಗೂ ಮಂಗಳವಾಗಲಿ.